ನಲವತ್ತೊಂದನೆಯ ಚಿಪ್ಪು

ಸರ್ಕಾರಿ ಶಾಲೆಯಲ್ಲಿ ನಂಬರು ಬೀಳದ ವಸ್ತು ಇದ್ದೂ ಇಲ್ಲದ ಹಾಗೆ. ಕುರ್ಚಿಗೆ ನಂಬರು, ಗಂಟೆಗೆ ನಂಬರು, ಒಂದು ಕಾಲು ಮುರಿದ ಸ್ಟೂಲಿಗೂ ನಂಬರು. ತಪಾಸಣೆಗೆ ಬಂದ ಸಾಹೇಬರು ವಸ್ತುವನ್ನು ನೋಡುವುದಿಲ್ಲ, ಅದರ ಮೈಮೇಲಿನ ಅಂಕಿ ನೋಡುತ್ತಾರೆ. ಭಾಲ್ಕಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಈ ಪದ್ಧತಿಯನ್ನು ದೇವರ ಪೂಜೆಯಷ್ಟು ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದೆ. ನನ್ನ ಕಪಾಟಿನ ಹಾವಿನ ಪೊರೆಗೂ ನಂಬರಿತ್ತು, ಗೀಜಗನ ಗೂಡಿಗೂ ಇತ್ತು. ಶಾಲೆಯ ಪೇಂಟು ಒಣಗಿ ಹೋದ ಮೇಲೆ ಮನೆಯಿಂದ ಕೆಂಪು ನೇಲ್ ಪಾಲಿಶ್ ತಂದು ಬರೆಯತೊಡಗಿದೆ. “ಜೀ” ಎಂದರೆ ಜೀವಶಾಸ್ತ್ರ, ಪಕ್ಕದಲ್ಲಿ ಅಂಕಿ. ನನ್ನ ಅಕ್ಷರ ದುಂಡಗಿತ್ತು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನೌಕರಿಯ ಕೊನೆಯ ಡಿಸೆಂಬರಿನಲ್ಲಿ ಮಕ್ಕಳನ್ನು ಕರಾವಳಿಗೆ ಪ್ರವಾಸ ಕರೆದುಕೊಂಡು ಹೋದೆವು. ಎಲ್ಲರೂ ಸಮುದ್ರ ನೋಡುತ್ತಿದ್ದಾಗ ನಾನು ಲಾಡ್ಜಿನ ಹಿಂದಿನ ಕಂಪೌಂಡ್ ಗೋಡೆ ನೋಡುತ್ತಿದ್ದೆ. ಅಲ್ಲಿ ಕಲ್ಲಿನ ಸಂದಿಯಲ್ಲಿ ಒಂದು ಚಿಪ್ಪು ಸಿಕ್ಕಿತು. ಅಂಗೈ ತುಂಬುವಷ್ಟು ದೊಡ್ಡದು. ಬುಡದಲ್ಲಿ ಅಗಲ, ಸುತ್ತಿ ಸುತ್ತಿ ಹೋಗಿ ತುದಿಯಲ್ಲಿ ಚೂಪು, ಮೈಮೇಲೆ ಚಹಾ ಚೆಲ್ಲಿ ಒಣಗಿದ ಹಾಗೆ ಕಂದು ಗೆರೆಗಳು. ನಮ್ಮ ಕಡೆಯ ಬಸವನಹುಳು ಹುಣಸೆಬೀಜದಷ್ಟಿದ್ದರೆ ಹೆಚ್ಚು. ಇದು ಆಫ್ರಿಕಾದ ದೈತ್ಯ ಬಸವನಹುಳುವಿನ ಚಿಪ್ಪೆಂದು ಪುಸ್ತಕ ತೆರೆಯದೆಯೇ ಗುರುತು ಹಿಡಿದೆ. ಗುರುತು ಹಿಡಿದ ಹೆಮ್ಮೆಯಲ್ಲಿ ಉಳಿದದ್ದು ಕಣ್ಣಿಗೆ ಬೀಳಲಿಲ್ಲ. ಚಿಪ್ಪಿನ ಬಾಯಿಗೆ ಹಾಳೆಯಂಥ ಬಿಳಿ ಪೊರೆಯೊಂದು ಬಿಗಿಯಾಗಿ ಅಂಟಿತ್ತು. ಗೋಡೆಯ ಸುಣ್ಣ ಹತ್ತಿದೆ ಎಂದುಕೊಂಡು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಭಾಲ್ಕಿಗೆ ಬಂದ ಮರುದಿನವೇ ಅದಕ್ಕೆ ನಂಬರು ಬಿತ್ತು: ಜೀ-೪೧. ಸ್ಟಾಫ್ ರೂಮಿನಲ್ಲಿ ಎಲ್ಲರ ಕೈಗೂ ಕೊಟ್ಟು ಮೆರೆಸಿದೆ. ಲೆಕ್ಕದ ಮಾಸ್ತರು ಮಾತ್ರ ಅದನ್ನು ಕೈಯಲ್ಲಿ ತೂಗಿ ನೋಡಿದರು.

“ಖಾಲಿ ಚಿಪ್ಪ ಇಷ್ಟ ಭಾರ ಇರ್ತದೇನ್ರಿ ಮೇಡಂ?”

“ನೀವು ಲೆಕ್ಕ ನೋಡ್ಕೋರಿ ಸರ್, ಜೀವಶಾಸ್ತ್ರ ನಾ ನೋಡ್ಕೋತೇನಿ,” ಎಂದೆ.

ಎಲ್ಲರೂ ನಕ್ಕರು. ಮಾಸ್ತರೂ ನಕ್ಕರು. ಆ ವರ್ಷವೂ ಎಂದಿನಂತೆ ಅದೇ ಕಪಾಟಿಗೆ ಬೆನ್ನು ಮಾಡಿ ನಿಂತು ಬೇಸಿಗೆ ನಿದ್ರೆಯ ಪಾಠ ಮಾಡಿದೆ. “ಕಪ್ಪೆ, ಬಸವನಹುಳು ಮುಂತಾದ ಜೀವಿಗಳು ಒಣಹವೆಯಲ್ಲಿ ತಿಂಗಳುಗಟ್ಟಲೆ ಮಲಗಿ ಬಿಡುತ್ತವೆ. ಬಸವನಹುಳು ತನ್ನ ಚಿಪ್ಪಿನ ಬಾಯಿಯನ್ನು ಬಿಳಿ ಪೊರೆಯಿಂದ ಮುಚ್ಚಿಕೊಳ್ಳುತ್ತದೆ. ಬರೆದುಕೊಳ್ಳಿ.” ಮಕ್ಕಳು ಬರೆದುಕೊಂಡರು. ನನ್ನ ಹಿಂದೆ ಗಾಜಿನೊಳಗೆ ಜೀ-೪೧ ಮಲಗಿತ್ತು. ಫೆಬ್ರವರಿಯಲ್ಲಿ ಬಂದ ಸಾಹೇಬರು ಅದರ ನಂಬರು ಓದಿ, ಅಕ್ಷರ ಚೆನ್ನಾಗಿದೆ ಎಂದು ಹೊಗಳಿ ಹೋದರು.

ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ಬೀಳ್ಕೊಡುಗೆಗೆ ಶಾಲು, ಹಣ್ಣು, ಒಂದು ಬಿದ್ರಿ ಹೂದಾನಿ. ಬೀದರಿನವರಿಗೆ ಬಿದ್ರಿ ಹೂದಾನಿ ಕೊಡುವುದೆಂದರೆ ಹೊಳೆಗೆ ನೀರು ಹೊಯ್ದ ಹಾಗೆ, ಮನೆಯಲ್ಲಿ ಆಗಲೇ ನಾಲ್ಕಿದ್ದವು. ಅಂದು ಪ್ರಯೋಗಶಾಲೆಗೆ ಸುಣ್ಣ ಹೊಡೆಯುತ್ತಿದ್ದರು. ಕಪಾಟಿನ ಸಾಮಾನೆಲ್ಲ ನೆಲದ ಮೇಲಿತ್ತು. ಯಾರಾದರೂ ತುಳಿದಾರೆಂದು, ಕಾಯ್ದಿಡಲು ಮಾತ್ರ ಎಂದು ನನಗೆ ನಾನೇ ಹೇಳಿಕೊಂಡು ಆ ಚಿಪ್ಪನ್ನು ಹೂದಾನಿಯ ಡಬ್ಬಿಯೊಳಗೆ ಇಟ್ಟುಕೊಂಡೆ. ಮೂವತ್ತು ವರ್ಷ ಶಾಲೆಯ ಒಂದು ಸೀಮೆಸುಣ್ಣ ಮನೆಗೆ ತಂದವಳಲ್ಲ. ಕೊನೆಯ ದಿನ ತಂದದ್ದು ಇದೊಂದೇ.

ನಮ್ಮ ಮನೆ ಬೀದರಿನಲ್ಲಿ, ಜನವಾಡದ ಕಡೆ ಹೋಗುವ ರಸ್ತೆಯ ಬದಿಯ ಒಂದು ಕಾಲೊನಿಯಲ್ಲಿ. ಚಿಪ್ಪು ನಡುಮನೆಯ ಶೋಕೇಸಿನಲ್ಲಿ ಐದು ಹೂದಾನಿಗಳ ನಡುವೆ ಕುಳಿತಿತು. ಜೂನ್ ಬಂತು, ಮೊದಲ ಮಳೆ ಎರಡು ದಿನ ಬಿಡದೆ ಹೊಡೆಯಿತು. ಮೂರನೆಯ ಬೆಳಿಗ್ಗೆ ನಮ್ಮವರು ಟಿವಿಯ ಮುಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

“ಏನಿದು, ಟಿವಿ ಮ್ಯಾಲ ಯಾರ ಗೋಂದ ಚೆಲ್ಯಾರ?”

ಶೋಕೇಸಿನ ಗಾಜು ನಾಲ್ಕು ಬೆರಳಷ್ಟು ಸರಿದಿತ್ತು. ಅಲ್ಲಿಂದ ಹೊಳೆಯುವ ಗೆರೆಯೊಂದು ಟಿವಿಯ ಮೇಲೆ ಹಾಯ್ದು, ಗೋಡೆಗೆ ಇಳಿದು, ಕಿಟಕಿ ಹತ್ತಿ ಹೊರಗೆ ಹೋಗಿತ್ತು. ಚಿಪ್ಪು ಇರಲಿಲ್ಲ. ಮೊದಲು ನನಗೆ ಕಳ್ಳರ ನೆನಪಾಯಿತು, ಆಮೇಲೆ ಲೆಕ್ಕದ ಮಾಸ್ತರ ನೆನಪಾಯಿತು. ಆರು ತಿಂಗಳು ಒಂದು ಜೀವ ನನ್ನ ಬೆನ್ನ ಹಿಂದೆ ಮಲಗಿ ನನ್ನದೇ ಪಾಠ ಕೇಳಿತ್ತು, ತರಗತಿಯಲ್ಲಿ ಪಾಠ ಅರ್ಥವಾಗದೇ ಉಳಿದದ್ದು ನನಗೊಬ್ಬಳಿಗೇ. ಹಿತ್ತಲು, ಚರಂಡಿ, ಹೂಕುಂಡ ಎಲ್ಲ ಹುಡುಕಿದೆ. ಸಿಗಲಿಲ್ಲ. ಚಿಪ್ಪು ಎಲ್ಲಿ ಎಂದು ನಮ್ಮವರು ಕೇಳಿದಾಗ ಶಾಲೆಗೆ ಮರಳಿ ಕೊಟ್ಟೆ ಎಂದು ಸುಳ್ಳು ಹೇಳಿದೆ. ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ.

ಒಂದೇ ಹುಳು, ಏನಾದೀತು ಎಂದು ಯಾರಾದರೂ ಕೇಳಬಹುದು. ನಾನೂ ಹಾಗೆಯೇ ಸಮಾಧಾನ ಮಾಡಿಕೊಂಡೆ, ಆದರೆ ಓದಿದವಳಿಗೆ ಸಮಾಧಾನ ಬಹಳ ದಿನ ಉಳಿಯುವುದಿಲ್ಲ. ಇದರಲ್ಲಿ ಗಂಡು ಹೆಣ್ಣೆಂದು ಬೇರೆ ಇಲ್ಲ. ಒಮ್ಮೆ ಕೂಡಿದ ಹುಳು ಆ ಬೀಜವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು, ಮಳೆ ಬಂದಾಗ ಮೆತ್ತನೆಯ ಮಣ್ಣಿನಲ್ಲಿ ನೂರಾರು ಮೊಟ್ಟೆ ಇಡಬಲ್ಲದು. ಮುಂದಿನ ಮಳೆಗಾಲದವರೆಗೆ ಏನೂ ಕಾಣಲಿಲ್ಲ. ಕಾಣದ್ದನ್ನು ನಾನು ಮರೆತೆ.

ಆ ನಡುವೆ ದಸರೆಯ ಹೊತ್ತಿಗೆ ಪಕ್ಕದ ಮನೆಗೆ ಬಾಡಿಗೆಯವರು ಬಂದರು. ಪಕ್ಕದ ಮನೆಯ ಮಾಲಕರು ಹಳೆಯ ಬೀದರಿನ ವ್ಯಾಪಾರಸ್ಥರು. ಹಣೆ ತುಂಬ ವಿಭೂತಿ, ಬಾಯಿ ತುಂಬ ದಯೆಯ ಮಾತು. ಅವರ ಹಿಂದಿನ ಎರಡು ಖೋಲಿಗಳಿಗೆ ಔರಾದ ಕಡೆಯ ಗಂಡಹೆಂಡತಿ, ಎರಡನೆಯ ತರಗತಿಯ ಒಬ್ಬ ಮಗಳು ಬಂದರು. ಗಂಡ ಊರ ಹೊರಗಿನ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಗೋದಾಮಿನ ಲಾರಿ ಓಡಿಸುತ್ತಿದ್ದ. ಹೆಂಡತಿ ಬಿಎಸ್ಸಿ, ಬಿಎಡ್ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದಳು. ಅವರ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು. ನಮ್ಮ ಕಾಲೊನಿಯಲ್ಲಿ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ, ಅದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. “ನಮಗೇನ ಫರಕಿಲ್ರಿ,” ಎಂದು ಮಾಲಕರು ನನಗೆ ಮೂರು ಬೇರೆ ಬೇರೆ ದಿನ ಹೇಳಿದರು.

ಎರಡು ವರ್ಷದಲ್ಲಿ ಅದು ಅವರ ಮೂರನೆಯ ಮನೆಯಂತೆ. ಔರಾದದಾಕೆ ಸಿಮೆಂಟ್ ಚೀಲಗಳಿಗೆ ಮಣ್ಣು ತುಂಬಿ ಮೆಂತೆ, ಬದನೆ, ಚೆಂಡುಹೂವು ಹಾಕಿದಳು. ಗಂಡ ಗೋದಾಮಿನಿಂದ ಮುರಿದ ಪೆಟ್ಟಿಗೆಗಳ ಹಲಗೆ ತಂದು ಮಗಳಿಗೆ ಓದುವ ಮೇಜು ಮಾಡಿಕೊಟ್ಟ. ಮಗಳ ಶಾಲೆ ನಡೆದು ಹೋಗುವಷ್ಟು ಹತ್ತಿರ. ಇನ್ನು ಇಲ್ಲಿಂದ ಏಳುವುದಿಲ್ಲ ಎಂದು ಔರಾದದಾಕೆ ಹೇಳುತ್ತಿದ್ದಳು.

ಮರುವರ್ಷದ ಮಳೆಗೆ ಹುಳುಗಳು ಎದ್ದವು. ಬೆರಳಷ್ಟುದ್ದದವು, ಹೆಬ್ಬೆರಳಷ್ಟು ದಪ್ಪದವು, ಬಾಗಿಲಿಗೆ, ಬಾವಿಯ ಕಟ್ಟೆಗೆ, ಸ್ಕೂಟರ್ ಸೀಟಿಗೆ. ಮೊದಲು ತಿಂದದ್ದು ಔರಾದದಾಕೆಯ ಮೆಂತೆ. ಆಮೇಲೆ ನಮ್ಮ ಪಪ್ಪಾಯಿ. ಆಮೇಲೆ ಮಾಲಕರ ಕಂಪೌಂಡ್ ಗೋಡೆ. ನಮ್ಮ ಕೆಂಪು ಮಣ್ಣಿನಲ್ಲಿ ಸುಣ್ಣದ ಅಂಶ ಕಡಿಮೆ, ಚಿಪ್ಪು ಕಟ್ಟಿಕೊಳ್ಳಲು ಸುಣ್ಣವೇ ಬೇಕು. ಹಾಗಾಗಿ ಅವು ಆಗಷ್ಟೇ ಸುಣ್ಣ ಹೊಡೆಸಿದ ಗೋಡೆಯನ್ನು ಕೆರೆ ಕೆರೆದು ತಿಂದವು. ಮೆಂತೆ ಹೋದಾಗ ಯಾರೂ ಸಭೆ ಕರೆದಿರಲಿಲ್ಲ. ಗೋಡೆ ಹೋದಾಗ ಮಾಲಕರು ಕರೆದರು.

ಶ್ರಾವಣದ ಸೋಮವಾರ, ಅವರ ಮನೆಯ ಮುಂದಿನ ಕಟ್ಟೆ, ಹತ್ತು ಹನ್ನೆರಡು ಮಂದಿ. ನಾನು ಉಪ್ಪುನೀರಿನ ವಿಷಯ ಎತ್ತಿದೆ. ಮಾಲಕರು ಎರಡೂ ಕಿವಿ ಮುಚ್ಚಿಕೊಂಡರು.

“ಶಿವ ಶಿವಾ. ಶ್ರಾವಣದಾಗ ಜೀವ ತೆಗಿಬಾರದ್ರಿ ಮೇಡಂ. ಅದರಾಗ ಇವು ಬಸವನ ಹುಳ.”

ಆದ್ದರಿಂದ ಹುಳುಗಳನ್ನು ಬಕೆಟಿನಲ್ಲಿ ಆರಿಸಿ, ಅವರ ಅಂಗಡಿಯ ಆಟೋದಲ್ಲಿ ಹಾಕಿ, ಜನವಾಡದ ದಾರಿಯ ಹಳ್ಳದ ದಂಡೆಗೆ ಬಿಟ್ಟು ಬರುವುದೆಂದು ತೀರ್ಮಾನವಾಯಿತು. ಅವು ಅಲ್ಲಿಯೂ ಮೊಟ್ಟೆ ಇಡುತ್ತವೆ ಎಂದೆ. ಅದು ಅವುಗಳ ಕರ್ಮ ಎಂದರು. ಜನವಾಡದ ರೈತರಿಗೆ ನಮ್ಮ ಪುಣ್ಯದಲ್ಲಿ ಹೀಗೆ ಪಾಲು ಸಿಕ್ಕಿತು.

ಆಮೇಲೆ ಮಾಲಕರು ದನಿ ಇಳಿಸಿದರು. “ಇವು ಎಲ್ಲಿಂದ ಬಂದವು? ಇಷ್ಟು ವರ್ಷ ಇರಲಿಲ್ಲ. ನಮ್ಮ ಹಿಂದಿನ ಖೋಲಿಗಿ ಅವರು ಬಂದ ಮ್ಯಾಲ ಬಂದಾವ. ಆಂವ ದಿನಾ ಗೋದಾಮಿನ ಹಲಗಿ ತರ್ತಾನ. ಎಲ್ಲೆಲ್ಲಿ ಮಾಲು ಬರ್ತದೋ ಏನೋ. ಮೇಡಂ, ನೀವ ಸೈನ್ಸ್ ಓದಿದವರು. ಲಾರಿ ಹಲಗ್ಯಾಗ ಈ ಹುಳ ಬರ್ಬಹುದೇನ್ರಿ?”

ಅಷ್ಟೂ ಮಂದಿ ನನ್ನ ಮುಖ ನೋಡಿದರು. ಬರಬಹುದು ಎನ್ನುವುದು ಶಾಸ್ತ್ರದ ಪ್ರಕಾರ ನಿಜ. ಈ ಹುಳು ಊರೂರು ತಿರುಗಿದ್ದೇ ಹೀಗೆ ಸರಕಿಗೆ ಅಂಟಿಕೊಂಡು. “ಸಾಧ್ಯತೆ ಇದೆ,” ಎಂದೆ. ಮೂವತ್ತು ವರ್ಷದ ನನ್ನ ಪಾಠಗಳಲ್ಲಿ ಯಾವ ವಾಕ್ಯವನ್ನೂ ಜನ ಇಷ್ಟು ಬೇಗ ಬಾಯಿಪಾಠ ಮಾಡಿರಲಿಲ್ಲ. ಶ್ರಾವಣ ಮುಗಿಯುವ ಅಮಾವಾಸ್ಯೆಯೊಳಗೆ ಹಿಂದಿನ ಖೋಲಿ ಖಾಲಿ ಆಗಬೇಕು ಎಂದು ಮಾಲಕರು ಹೇಳಿದರು. ಶ್ರಾವಣದಲ್ಲಿ ಹುಳು ಕೊಲ್ಲಬಾರದೆಂದು ಶಾಸ್ತ್ರವಿದೆ, ಸಂಸಾರ ಎಬ್ಬಿಸಬಾರದೆಂದು ಇಲ್ಲ.

ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ಹುಳು ಆರಿಸುವ ಕೆಲಸ ಶುರುವಾಯಿತು. ಅದರ ಮುಂದಾಳು ನಾನು. ಆಟೋ ಹೊರಡುವ ಮೊದಲು ಪ್ರತಿ ಬಕೆಟನ್ನೂ ನಾನೇ ನೋಡಬೇಕೆಂದು ಕಟ್ಟಪ್ಪಣೆ ಮಾಡಿದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಂದೊಂದೇ ಹುಳುವನ್ನು ಎತ್ತಿ ಚಿಪ್ಪನ್ನು ಹಿಂದು ಮುಂದು ತಿರುಗಿಸಿ ನೋಡುತ್ತಿದ್ದೆ. ನಾನು ಹುಡುಕುತ್ತಿದ್ದದ್ದು ಕೆಂಪು ನೇಲ್ ಪಾಲಿಶ್. ನನ್ನ ದುಂಡನೆಯ ಅಕ್ಷರ ಹೊತ್ತ ಹುಳುವೊಂದು ಯಾರದಾದರೂ ಗೋಡೆಯ ಮೇಲೆ ಹತ್ತಿ ಕುಳಿತರೆ, ಶಾಲೆಯ ಸಾಮಾನು ಕದ್ದವಳು, ಸತ್ತದ್ದು ಬದುಕಿದ್ದು ತಿಳಿಯದ ಜೀವಶಾಸ್ತ್ರದ ಮೇಡಂ, ಎರಡೂ ಒಂದೇ ಏಟಿಗೆ ಬಯಲು. ಅದು ಬೇರೆಯವರ ಕೈಗೆ ಸಿಗುವ ಮೊದಲು ನನ್ನ ಕೈಗೆ ಸಿಗಬೇಕಿತ್ತು. ಜನ ನನ್ನ ಶ್ರದ್ಧೆಯನ್ನು ಹೊಗಳಿದರು. ಸ್ಥಳೀಯ ಪತ್ರಿಕೆಯೊಂದರಲ್ಲಿ ಬಕೆಟಿನೊಡನೆ ನನ್ನ ಫೋಟೋ ಬಂತು. ನಮ್ಮವರು ಅದನ್ನು ಕತ್ತರಿಸಿ ಶೋಕೇಸಿನ ಗಾಜಿಗೆ ಅಂಟಿಸಿದರು, ಸರಿಯಾಗಿ ಆ ಹುಳು ಹೊರಬಿದ್ದ ಜಾಗಕ್ಕೆ.

ಫೋಟೋ ನೋಡಿ ಔರಾದ ತಾಲೂಕಿನ ಒಂದು ಹಳ್ಳಿಯಿಂದ ಕರೆ ಬಂತು. ಅಲ್ಲಿಯೂ ಹುಳು ಬಿದ್ದು ಎರಡೆಲೆಯ ಸೋಯಾ ಪೈರನ್ನು ಕತ್ತರಿಸಿ ಹಾಕಿತ್ತು, ಬಂದು ಉಪಾಯ ಹೇಳಿರಿ ಎಂದರು. ಅದು ಔರಾದದಾಕೆಯ ತವರೂರು. ಆಕೆಯೇ ನನ್ನನ್ನು ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಕೊಟ್ಟಳು. ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

“ಮೇಡಂ, ದಿನಾ ಒಂದೊಂದ ಹುಳ ತಿರುವಿ ತಿರುವಿ ನೋಡ್ತೀರಲ್ರಿ. ಏನ ಹುಡುಕ್ತೀರಿ?”

“ಅಧ್ಯಯನ,” ಎಂದೆ.

ಆಕೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಇನ್ನೇನಾದರೂ ಹೇಳುತ್ತೇನೆಂದು ಕಾದ ಹಾಗಿತ್ತು. ನಾನು ಹೊರಗಿನ ತೊಗರಿ ಹೊಲ ನೋಡಿದೆ.

“ಆ ಹಲಗಿ ನಾವ್ ತಂದದ್ದು ಬ್ಯಾಸಗ್ಯಾಗ್ರಿ. ಬಿಸಿಲಾಗ ಒಣಗಿಸಿ, ನುಣ್ಣಗ ರಂದಾ ಹೊಡದು ಮೇಜು ಮಾಡ್ಯಾರ. ಅದರಾಗ ಹುಳ ಹ್ಯಾಂಗ ಇರ್ತಾವ್ರಿ? ನೀವ್ ಒಂದ ಮಾತ ಹೇಳಿದ್ರ ಮಾಲಕರು ಕೇಳ್ತಾರ. ಮಗಳಿಗಿ ಈ ಸಾಲಿ ಹಿಡಿಸ್ಯಾದ. ವರ್ಷಕ್ಕೊಂದ ಮನಿ, ವರ್ಷಕ್ಕೊಂದ ಸಾಲಿ ಆದ್ರ ಕೂಸು ಏನ ಕಲೀತದ?”

“ನೋಡೋಣ,” ಎಂದೆ. ಈ ಮಾತನ್ನು ನಾನು ಎಷ್ಟು ಸಲ ಎಷ್ಟು ಮಕ್ಕಳಿಗೆ ಹೇಳಿದ್ದೆನೋ. ಯಾವತ್ತೂ ಏನನ್ನೂ ನೋಡಿದ ನೆನಪಿಲ್ಲ.

ಹಳ್ಳಿಯ ಸಮುದಾಯ ಭವನದಲ್ಲಿ ಒಳ್ಳೆಯ ಭಾಷಣ ಮಾಡಿದೆ. ಬೆಲ್ಲದ ನೀರಿನಲ್ಲಿ ಅದ್ದಿದ ಗೋಣಿಚೀಲ ಹೊಲದ ಬದುವಿಗೆ ಹಾಕಿ, ಬೆಳಿಗ್ಗೆ ಅದರ ಕೆಳಗೆ ಸೇರಿದ ಹುಳುಗಳನ್ನು ಆರಿಸಿ ಉಪ್ಪುನೀರಿಗೆ ಹಾಕಿ ಹೂತುಬಿಡಿ ಎಂದೆ. ಅಲ್ಲಿಯವರು ಮರಾಠಿ ಬೆರೆಸಿ ಅದನ್ನು ಗೋಗಲಗಾಯಿ ಅನ್ನುತ್ತಾರೆ. ಅಲ್ಲಿಯ ಹುಳುವಿಗೂ ನನ್ನದಕ್ಕೂ ಸಂಬಂಧವಿರಲಿಲ್ಲ. ಅದು ಬೇರೆ ದಾರಿಯಿಂದ ಬಂದದ್ದು, ಆದರೂ ಚಿಪ್ಪು ಕಂಡಾಗಲೆಲ್ಲ ನನ್ನ ಕಣ್ಣು ಕೆಂಪು ಹುಡುಕುತ್ತಿತ್ತು. ಕೊನೆಗೆ ಯಾರೋ ಕೇಳಿದರು, ಇವು ಎಲ್ಲಿಂದ ಬಂದವು? ಆಫ್ರಿಕಾ, ಹಡಗು, ಸರಕು ಎಂದು ನಾನು ಆರಂಭಿಸಿದೆ. ಮುಂದೆ ಕುಳಿತಿದ್ದ ಮುದುಕಿ ಕೈ ಎತ್ತಿದಳು. ಆಕೆ ಔರಾದದಾಕೆಯ ತಾಯಿ.

“ಅಷ್ಟ ದೂರ ಯಾಕ ಹೋಗ್ತೀರಿ ಮೇಡಂ ಬಾಯಿ? ಈ ಹುಳಕ್ಕ ಕಾಲಿಲ್ಲ. ತಾನಾಗೇ ಬಂದಿಲ್ಲ. ಯಾರೋ ಎತಗೊಂಡ ಬಂದಾರ, ಈಗ ಸುಮ್ಮ ಕುಂತಾರ.”

ಸಭೆ ನಕ್ಕಿತು. ಔರಾದದಾಕೆ ನಗಲಿಲ್ಲ. ನಮಗೆ ಆ ಮುದುಕಿಯೇ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಮಗಳಿಗೆ ಮತ್ತೆ ಮನೆ ಬಿಡಬೇಕಾಗಿದೆ ಎನ್ನುವುದು ಆಕೆಗೆ ಗೊತ್ತಿತ್ತು. “ನೀವ್ ಇದ್ದೀರಿ ಅಂತ ಫಿಕರ್ ಇಲ್ರಿ,” ಎಂದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಬಕೆಟು ಮುಟ್ಟದೆ ನೇರ ಮಾಲಕರ ಮನೆಗೆ ಹೋದೆ. ಪೂಜೆ ಮುಗಿಸಿ ಕುಳಿತಿದ್ದರು. ಎಲ್ಲವನ್ನೂ ಹೇಳಿದೆ. ಕರಾವಳಿಯ ಗೋಡೆ, ಬಿಳಿ ಪೊರೆ, ನೇಲ್ ಪಾಲಿಶ್, ಹೂದಾನಿಯ ಡಬ್ಬಿ, ಟಿವಿಯ ಮೇಲಿನ ಗೆರೆ, ಒಂದನ್ನೂ ಬಿಡಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಕೈ ಮುಗಿದರು.

“ಮೇಡಂ, ನೀವ್ ಅಂದ್ರ ನೀವ್ರಿ. ಬಡವರ ಮ್ಯಾಲಿನ ಕರುಣಾಕ್ಕ ತಪ್ಪ ನಿಮ್ಮ ತಲಿ ಮ್ಯಾಲ ತಗೋಳಾಕತ್ತೀರಿ.”

“ಕರುಣಾ ಅಲ್ರಿ, ಖರೇ ಹೇಳಾಕತ್ತೇನಿ.”

“ನೀವ್ ಸಾಲಿ ಸಾಮಾನ ಮನಿಗಿ ತಂದೀರಿ ಅಂದ್ರ ಈ ಊರಾಗ ಯಾರೂ ನಂಬಂಗಿಲ್ಲ. ಸೈನ್ಸ್ ಮೇಡಂಗ ಜೀವಂತ ಹುಳ ತಿಳೀಲಿಲ್ಲ ಅಂದ್ರ ಹುಚ್ಚರೂ ನಂಬಂಗಿಲ್ಲ. ಆ ನಂಬರಿನ ಹುಳ ಎಲ್ಲದ, ತೋರಿಸ್ರಿ ನೋಡೋಣು.”

ಅದೇ ಇರಲಿಲ್ಲ. ನನ್ನ ಒಳ್ಳೆಯ ಹೆಸರು ನನ್ನ ಬಾಯಿಯನ್ನೇ ಮುಚ್ಚಿಸಿತು. ಸಂಜೆಯೊಳಗೆ ಮಾಲಕರು ಇಡೀ ಕಾಲೊನಿಗೆ ನನ್ನ ದೊಡ್ಡತನದ ಕತೆ ಹೇಳಿ ಮುಗಿಸಿದ್ದರು. ದಾರಿಯಲ್ಲಿ ಸಿಕ್ಕವರು ಮೊದಲಿಗಿಂತ ಬಗ್ಗಿ ನಮಸ್ಕಾರ ಮಾಡಿದರು.

ಅಂದಿನಿಂದ ಅದೇ ಬಕೆಟು, ಅದೇ ಹುಳು, ಅದೇ ಕೆಂಪು ಅಕ್ಷರದ ಹುಡುಕಾಟ, ಉದ್ದೇಶ ಮಾತ್ರ ತಿರುವುಮುರುವು. ಬಚ್ಚಿಡಲು ಹುಡುಕಿದ್ದನ್ನು ಈಗ ತೋರಿಸಲು ಹುಡುಕಿದೆ. ಚರಂಡಿಯ ಕಲ್ಲು ಎತ್ತಿಸಿದೆ, ಹಳ್ಳದ ದಂಡೆಯವರೆಗೂ ಹೋಗಿ ನೋಡಿ ಬಂದೆ. ಸಿಗಲಿಲ್ಲ. ನಮ್ಮವರಿಗೆ ಈಗ ಎಲ್ಲ ಗೊತ್ತಾಗಿತ್ತು. ಅವರು ಬೈಯಲಿಲ್ಲ.

“ನಮ್ಮ ಮ್ಯಾಲಿನ ಖೋಲಿ ಖಾಲಿ ಅದಲ್ಲ, ಅವರಿಗಿ ಕೊಡು,” ಎಂದರು ಒಂದು ದಿನ.

“ಅಲ್ಲಿ ನನ್ನ ಪುಸ್ತಕ ಅವ,” ಎಂದೆ.

ಅಲ್ಲಿದ್ದದ್ದು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು. ಆ ಮಾತು ನನ್ನ ಬಾಯಿಂದ ಯಾಕೆ ಬಂತೆಂದು ನನಗೆ ಚೆನ್ನಾಗಿ ಗೊತ್ತು. ಮಾಲಕರಿಗೆ ಫರಕಿಲ್ಲದ ಹಾಗೆಯೇ ನನಗೂ ಫರಕಿರಲಿಲ್ಲ, ನನ್ನ ಮನೆಯ ಮೆಟ್ಟಿಲು ಬರುವವರೆಗೆ. ಇಂದಿಗೂ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ. ಎರಡು ದಿನ ಬಿಟ್ಟು ಮನಸ್ಸು ಗಟ್ಟಿ ಮಾಡಿಕೊಂಡು ಆಕೆಯನ್ನು ಕೇಳಲು ಹೋದೆ. ಅಷ್ಟರಲ್ಲಿ ಟೆಂಪೋ ಬಂದು ನಿಂತಿತ್ತು. ಹಲಗೆಯ ಮೇಜು ಎಲ್ಲಕ್ಕಿಂತ ಮೇಲೆ ತಲೆಕೆಳಗಾಗಿ ಕೂತಿತ್ತು, ಮಗಳು ಅದರ ಒಂದು ಕಾಲು ಹಿಡಿದುಕೊಂಡು ನಿಂತಿದ್ದಳು.

“ಭಾಲ್ಕಿಗಿ ಹೊಂಟೇವ್ರಿ ಮೇಡಂ. ನಿಮ್ಮ ಸಾಲ್ಯಾಗೇ ಅತಿಥಿ ಶಿಕ್ಷಕಿ ಅಂತ ಕರದಾರ. ನಿಮ್ಮ ಜಾಗ ಇನ್ನಾ ಖಾಲಿ ಇತ್ತಂತ. ಇವರು ರೈಲಿಲೆ ಓಡಾಡ್ತಾರ.”

ಒಳ್ಳೆಯದಾಯಿತು ಎಂದೆ. ಮೇಲಿನ ಖೋಲಿಯ ಮಾತು ನಾಲಿಗೆಯ ತುದಿಯಿಂದ ಹಿಂದೆ ಹೋಯಿತು. ನನಗೆ ಆಗ ಆದದ್ದು ಸಂತೋಷವಲ್ಲ, ತಪ್ಪಿಸಿಕೊಂಡ ನಿರಾಳ.

ಗಣೇಶ ಹಬ್ಬಕ್ಕೆ ಕಾಲೊನಿಯವರು ನನಗೆ ಶಾಲು ಹೊದಿಸಿದರು. ಹಿಂದಿನ ಖೋಲಿಗೆ ಮ್ಯಾನೇಜರ್ ಒಬ್ಬರು ಬಂದರು, ಮಾಲಕರ ದೂರದ ನೆಂಟರು, ಬಾಡಿಗೆಯೂ ಸ್ವಲ್ಪ ಏರಿತ್ತು. ಹುಳುಗಳು ಎಲ್ಲಿಯೂ ಹೋಗಲಿಲ್ಲ. ಹಿಂಗಾರಿನ ಮಳೆಗೆ ಮತ್ತಷ್ಟು ಎದ್ದು ಮಾಲಕರ ಗೋಡೆಯನ್ನು ಇನ್ನೊಂದು ಬದಿಯಿಂದ ಆರಂಭಿಸಿದವು. ಈಗ ಶ್ರಾವಣವಲ್ಲ, ಉಪ್ಪು ಹಾಕಿರಿ ಎಂದೆ. ಮಾಲಕರು ಗೋಡೆ ಸವರುತ್ತ ನಿಂತರು.

“ಅವರು ಹೋದ್ರೂ ಪೀಡಾ ಬಿಟ್ಟ ಹೋಗ್ಯಾರ ನೋಡ್ರಿ ಮೇಡಂ,” ಎಂದರು.

ಫೆಬ್ರವರಿಯಲ್ಲಿ ವಿಜ್ಞಾನದ ದಿನಕ್ಕೆ ಭಾಲ್ಕಿಯ ಶಾಲೆಯವರು ನನ್ನನ್ನು ಮುಖ್ಯ ಅತಿಥಿಯೆಂದು ಕರೆದರು. ಹೋಗಬಾರದೆನ್ನಿಸಿತು, ಹೋಗದಿದ್ದರೆ ಇನ್ನೂ ಕೆಟ್ಟದೆನ್ನಿಸಿ ಹೋದೆ. ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ಔರಾದದಾಕೆ ನನ್ನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋದಳು. ಖೋಲಿ ಸ್ವಚ್ಛವಾಗಿತ್ತು, ಮುರಿದ ಸ್ಟೂಲಿಗೆ ಹಲಗೆಯ ಹೊಸ ಕಾಲು ಬಂದಿತ್ತು. ಅಭ್ಯಾಸಬಲದಿಂದ ಕಪಾಟಿನ ಮುಂದೆ ನಿಂತು ನಂಬರುಗಳನ್ನು ಓದಿಕೊಂಡು ಹೋದೆ. ಮೂವತ್ತೊಂಬತ್ತು, ನಲವತ್ತು. ಅದರ ಪಕ್ಕದಲ್ಲಿ, ಅದರದೇ ಜಾಗದಲ್ಲಿ, ಆ ಚಿಪ್ಪು ಇತ್ತು. ಕೆಂಪು ಬಣ್ಣ ಅಲ್ಲಲ್ಲಿ ಎದ್ದಿತ್ತು, ಆದರೂ ಜೀ-೪೧ ಎಂದು ಓದಲು ಅಡ್ಡಿಯಿರಲಿಲ್ಲ. ಸ್ಟೂಲಿನ ಮೇಲೆ ಕುಳಿತೆ.

“ಎಲ್ಲಿ ಸಿಕ್ತು?”

“ನನ್ನ ಮೆಂತಿ ಚೀಲದ ಬುಡಕ್ರಿ. ಹೋದ ಬ್ಯಾಸಗ್ಯಾಗ. ಹುಳ ಸತ್ತಿತ್ತು. ಚಂದ ಅದ ಅಂತ ತೊಳದಿಟ್ಟಿದ್ದೆ. ನಂಬರ ಯಾರದಂತ ಆಗ ತಿಳೀಲಿಲ್ಲ. ನೀವ್ ಬಕೆಟ್ ತಿರುವಿ ನೋಡಾಕತ್ತ ಮ್ಯಾಲ ತಿಳೀತು.”

“ಅಂದ್ರ ಬಸ್ಸಿನಾಗ ಕೇಳಿದಾಗ ನಿಂಗ ಗೊತ್ತಿತ್ತು.”

“ಗೊತ್ತಿತ್ರಿ. ನೀವೇ ಹೇಳ್ತೀರಿ ಅಂತ ಕಾದೆ.”

“ನಾ ಆಮ್ಯಾಲ ಹೇಳಿದೆ. ಅವರು ನಂಬಲಿಲ್ಲ. ಆಗಾದ್ರೂ ನೀ ಇದನ್ನ ತಂದು ತೋರ್ಸಿದ್ರ...”

ಆಕೆ ಚಿಪ್ಪನ್ನು ಕಪಾಟಿನಿಂದ ತೆಗೆದು ಸೀರೆಯ ಸೆರಗಿನಿಂದ ಒರೆಸಿದಳು. “ನಿಮ್ಮ ಕೈಯಾಗಿದ್ರ ಇದು ಸಾಕ್ಷಿರಿ ಮೇಡಂ. ನನ್ನ ಕೈಯಾಗಿದ್ರ, ನೇಲ್ ಪಾಲಿಶ್ ಹಚ್ಚಿ ಈಕೀನೇ ಬರದಾಳ ಅಂತಿದ್ರು. ಅವರಿಗಿ ಖೋಲಿ ಬೇಕಾಗಿತ್ತು. ಹುಳ ಯಾರದಂತ ಯಾರಿಗಿ ಬೇಕಾಗಿತ್ತು?”

ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆಕೆ ಹಾಜರಿ ಕೂಗುವ ದನಿಯಲ್ಲಿ ಹೇಳಿದಳು. ಆಗಲೇ ಗಂಟೆ ಹೊಡೆದು ಒಂಬತ್ತನೆಯ ತರಗತಿಯ ಮಕ್ಕಳು ಒಳಗೆ ಬಂದು ಬೆಂಚುಗಳಲ್ಲಿ ಕುಳಿತರು. ಆಕೆ ಚಿಪ್ಪನ್ನು ನನ್ನ ಅಂಗೈಯಲ್ಲಿಟ್ಟಳು. ಈಗ ಅದು ಹಗುರವಾಗಿತ್ತು.

“ಈ ಚಿಪ್ಪ ನಮ್ಮ ಕಪಾಟಿನಿಂದ ಎಲ್ಲಿಗಿ ಹೋಗಿತ್ತು, ಹ್ಯಾಂಗ ತಿರುಗಿ ಬಂತು, ಇವತ್ತ ಮೇಡಂ ಹೇಳ್ತಾರ. ಸುಮ್ಮ ಕೇಳ್ರಿ,” ಎಂದು ಹೇಳಿ ಹಿಂದಿನ ಕಿಟಕಿಯ ಹತ್ತಿರ ಹೋಗಿ ನಿಂತಳು.

ಹೇಳಿದೆ. ಲೆಕ್ಕದ ಮಾಸ್ತರರ ಮಾತನ್ನೂ ಬಿಡಲಿಲ್ಲ. ಟಿವಿಯ ಮೇಲಿನ ಗೆರೆಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಸಭೆಯಲ್ಲಿ ನಾನು ಆಡಿದ ಮಾತು ಬಂದಾಗ ನಗು ನಿಂತಿತು. ಬಾಡಿಗೆಯವರು ಯಾರೆಂದು ಮಾತ್ರ ಹೇಳಲಿಲ್ಲ. ಒಂದು ಮಗುವೂ ಅನುಮಾನ ಪಡಲಿಲ್ಲ. ಇಷ್ಟು ದಿನದಲ್ಲಿ ಮನೆಯ ಹೊರಗೆ ನನ್ನ ಮಾತನ್ನು ನಂಬಿದವರು ಇವರೇ ಮೊದಲು. ಹೇಳಿ ಮುಗಿಸಿದಾಗ ಎದೆ ಹಗುರಾಯಿತು, ಇನ್ನೇನು ಕುಳಿತುಕೊಳ್ಳಬೇಕು, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಮತ್ತ ಆ ಬಾಡಿಗಿಯವರು ಎಲ್ಲಿ ಹೋದ್ರು?”

ಕಿಟಕಿಯ ಕಡೆ ನೋಡಿದೆ. ಔರಾದದಾಕೆ ಹೊರಗೆ ನೋಡುತ್ತಿದ್ದವಳು ತಿರುಗಿದಳು, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಹತ್ತಿರ ಬಂದಳು.

“ಅದು ಪರೀಕ್ಷಾದಾಗ ಬರಂಗಿಲ್ಲ. ಕುಂದರು,” ಎಂದಳು.

ಹುಡುಗಿ ಕುಳಿತಳು. ನಾನು ಕಪಾಟಿನ ಬಾಗಿಲು ತೆರೆದು ಚಿಪ್ಪನ್ನು ನಲವತ್ತರ ಪಕ್ಕದಲ್ಲಿಟ್ಟೆ.